ಗಲ್ಲಾದ ಹಿಂದಿನ ಬುರುಡೆ ಏಕೆ ಬೆವರುತ್ತದೆ?

ಪ್ರಶ್ನೆ: ಧಾರವಾಡದ ಒಂದು ಪುಸ್ತಕದಂಗಡಿಯಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಜಪಾನಿನ ಪುಸ್ತಕದಂಗಡಿಯ ಕತೆ ಎಂದು ಗೆಳತಿಯೊಬ್ಬಳು ‘ಗೈಕೋತ್ಸು ಶೋತೆನಿನ್ ಹೋಂಡಾ ಸಾನ್’ ಎಂಬ ಅನಿಮೆ, ಎಂದರೆ ಜಪಾನಿ ಆನಿಮೇಷನ್ ಸರಣಿ, ತೋರಿಸಿದಳು. ಅಂಗಡಿಯ ಕೆಲಸದಾಳಿನ ತಲೆ ಬರೀ ಬುರುಡೆ! ನಕ್ಕು ಸುಸ್ತಾದೆ. ಆದರೆ ಅರ್ಧ ಸಂಗತಿ ತಿಳಿಯಲಿಲ್ಲ. ಬೇಕೆಂದು ಕೇಳಿದಷ್ಟು ಪ್ರತಿಗಳು ಅಂಗಡಿಗೆ ಏಕೆ ಬರುವುದಿಲ್ಲ? ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಏಕೆ ಬಿಗಿಯುತ್ತಾರೆ? ಎಲ್ಲರೂ ಮುಖ ಏಕೆ ಮರೆಸಿಕೊಂಡಿದ್ದಾರೆ? ನಮ್ಮ ಅಂಗಡಿಯ ಹಿರಿಯರೊಬ್ಬರು ಎರಡು ಕಂತು ನೋಡಿ, ‘ಇದು ಗಿರಾಕಿಗಳನ್ನು ಗೇಲಿ ಮಾಡುವ ಕತೆ’ ಎಂದು ಎದ್ದು ಹೋದರು. ನನಗೆ ಹಾಗೆ ಅನ್ನಿಸಲಿಲ್ಲ. ಆದರೆ ಏಕೆಂದು ಹೇಳಲು ಬರಲಿಲ್ಲ. ಯಾರ ಮಾತು ಸರಿ? ಹತ್ತನೆಯ ತರಗತಿಯ ತಮ್ಮನಿಗೆ ಇದನ್ನು ಕೊಡಬಹುದೇ?

ಉತ್ತರ: ನಿಮ್ಮ ಮಾತೇ ಸರಿ. ನಾನು ಹನ್ನೊಂದು ವರ್ಷ ಬೆಂಗಳೂರಿನ ಒಂದು ಪುಸ್ತಕ ಮಳಿಗೆಯಲ್ಲಿ ಕೆಲಸ ಮಾಡಿದವನು, ಆಮೇಲೆ ಜಪಾನಿ ಕಲಿತು ಮಾಂಗಾ, ಎಂದರೆ ಅಲ್ಲಿನ ಕಾಮಿಕ್ಸ್, ಓದುವುದನ್ನೇ ಹವ್ಯಾಸ ಮಾಡಿಕೊಂಡವನು. ಅಂಗಡಿಯ ಒಳಗಿನ ಬದುಕನ್ನು ಇಷ್ಟು ಪ್ರೀತಿಯಿಂದ ಬರೆದ ಹಾಸ್ಯ ನನ್ನ ಕಣ್ಣಿಗೆ ಬೇರೆ ಬಿದ್ದಿಲ್ಲ. ಆದರೆ ನಿಮ್ಮ ಹಿರಿಯರಿಗೆ ಹಾಗೆ ಅನ್ನಿಸಿದ್ದಕ್ಕೂ ಕಾರಣವಿದೆ. ಜಪಾನಿನಲ್ಲಿ ಪುಸ್ತಕವೊಂದು ಅಚ್ಚಿನ ಮನೆಯಿಂದ ಓದುಗನ ಕೈಗೆ ಹೇಗೆ ಹೋಗುತ್ತದೆ ಎಂದು ತಿಳಿಯದಿದ್ದರೆ, ಬುರುಡೆ ತಲೆಯ ನೌಕರ ಹೋಂಡಾ ಅವರು ಯಾವುದಕ್ಕೆ ಬೆದರುತ್ತಿದ್ದಾರೆ ಎಂಬುದು ಕಾಣಿಸುವುದಿಲ್ಲ. ಆಗ ಎದುರಿಗೆ ನಿಂತ ಗಿರಾಕಿಯನ್ನು ಕಂಡೇ ಬೆದರಿದರು ಎಂಬಂತೆ ತೋರುತ್ತದೆ.

ಮೊದಲು ಕೃತಿಯ ವಿವರ ಹೇಳಿಬಿಡುತ್ತೇನೆ. ಹೆಸರಿನ ಅರ್ಥ ‘ಅಸ್ಥಿಪಂಜರದ ಪುಸ್ತಕದಂಗಡಿ ನೌಕರ ಹೋಂಡಾ ಅವರು’ ಎಂದು. ಬರೆದು ಚಿತ್ರಿಸಿದವರ ಹೆಸರೂ ಹೋಂಡಾ. ಇವರು ನಿಜವಾಗಿಯೂ ದೊಡ್ಡ ಪುಸ್ತಕದಂಗಡಿಯೊಂದರ ಮಾಂಗಾ ವಿಭಾಗದಲ್ಲಿ ದುಡಿದವರು, ಕಂಡದ್ದನ್ನೇ ಬರೆದರು. ಅದು ಮಾಂಗಾ ರೂಪದಲ್ಲಿ 2015ರಿಂದ 2019ರವರೆಗೆ ಅಂತರಜಾಲದಲ್ಲಿ ಧಾರಾವಾಹಿಯಾಗಿ ಬಂದು ನಾಲ್ಕು ಸಂಪುಟಗಳಲ್ಲಿ ಮುಗಿಯಿತು. ನೀವು ನೋಡಿದ ಅನಿಮೆ 2018ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಪ್ರಸಾರವಾದದ್ದು, ಹನ್ನೆರಡು ಕಂತು, ಒಂದೊಂದೂ ಹನ್ನೊಂದು ನಿಮಿಷದಷ್ಟು. ಜಪಾನಿನಲ್ಲಿ ಇಂಥ ಬರಹಕ್ಕೆ ಪ್ರಬಂಧ ಮಾಂಗಾ ಎಂದೇ ಹೆಸರಿದೆ: ಬರೆದವರ ಸ್ವಂತ ಬದುಕು, ಕಟ್ಟುಕತೆಯಲ್ಲ. ಹೋಂಡಾ ಎಂದೊಡನೆ ನಮ್ಮ ಕಣ್ಣ ಮುಂದೆ ಬೈಕು ಬರುತ್ತದೆ, ಅಲ್ಲವೇ? ಅದೇ ಮನೆತನದ ಹೆಸರು, ಬರೆಯುವ ಅಕ್ಷರಗಳೂ ಅವೇ. ಆ ಎರಡು ಅಕ್ಷರಗಳಲ್ಲಿ ಮೊದಲನೆಯದಾದ ‘ಹೋನ್’ಗೆ ಪುಸ್ತಕ ಎಂಬ ಅರ್ಥವೂ ಇದೆ, ಎರಡನೆಯದು ಗದ್ದೆ. ಪುಸ್ತಕದ ಗದ್ದೆಯವರು ಎಂದು ಓದಿಕೊಂಡರೂ ನಡೆಯುತ್ತದೆ. ಮೊದಲ ಬಾರಿ ಇದು ಹೊಳೆದಾಗ ನನಗೆ ಆದ ಸಂತೋಷ ಇಂದಿಗೂ ಇದೆ.

ಈಗ ಬುರುಡೆಯ ವಿಷಯ. ನೇರ ಕಾರಣ ಗುರುತು ಮರೆಸುವುದು. ಕೆಲಸದಲ್ಲಿ ಇದ್ದುಕೊಂಡೇ ಅದೇ ಕೆಲಸದ ಬಗ್ಗೆ ಬರೆಯುವವರು ತಮ್ಮ ಮುಖವನ್ನೂ ಜೊತೆಯವರ ಮುಖವನ್ನೂ ಬಯಲು ಮಾಡುವಂತಿಲ್ಲ. ಆದ್ದರಿಂದ ಒಬ್ಬರ ತಲೆಗೆ ಬ್ಯಾಂಡೇಜು, ಒಬ್ಬರಿಗೆ ಕಾಗದದ ಚೀಲ, ಒಬ್ಬರಿಗೆ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟು, ಇನ್ನೊಬ್ಬರಿಗೆ ‘ನೋ’ ಎಂಬ ಜಪಾನಿನ ಸಾಂಪ್ರದಾಯಿಕ ನಾಟಕದ ತರುಣಿಯ ಮುಖವಾಡ. ಹಳೆಯ ಕಾಲದ ಯುರೋಪಿನಲ್ಲಿ ಪ್ಲೇಗಿನ ವೈದ್ಯರು ಧರಿಸುತ್ತಿದ್ದ ಹಕ್ಕಿಯ ಕೊಕ್ಕಿನ ಮುಖವಾಡವೂ ಇದೆ. ಇವರ ಹೆಸರುಗಳೂ ಆ ಮುಖವಾಡಗಳ ಹೆಸರೇ. ಎರಡು ಕಂತು ಮುಗಿಯುವುದರೊಳಗೆ ನಮಗೆ ಎಲ್ಲರೂ ಬೇರೆ ಬೇರೆ ಮನುಷ್ಯರಾಗಿ ಪರಿಚಯವಾಗಿಬಿಡುತ್ತಾರೆ.

ಆದರೆ ಬುರುಡೆ ಮಾಡುವ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಒಂದು ಚೌಕಟ್ಟನ್ನು ನಿಲ್ಲಿಸಿ ಹತ್ತಿರದಿಂದ ನೋಡಿ. ಬುರುಡೆಗೆ ತುಟಿಯಿಲ್ಲ, ರೆಪ್ಪೆಯಿಲ್ಲ, ಕೆನ್ನೆಯಿಲ್ಲ. ಹಲ್ಲುಗಳು ಸದಾ ಹೊರಗೇ. ಎಂದರೆ ಬುರುಡೆ ಯಾವಾಗಲೂ ನಗುತ್ತಲೇ ಇರುತ್ತದೆ. ಜಪಾನಿನ ಅಂಗಡಿ ನೌಕರರಿಂದ ಬೆಳಗಿನಿಂದ ರಾತ್ರಿಯವರೆಗೆ ಅಪೇಕ್ಷಿಸುವುದೂ ಅದನ್ನೇ. ಏನೇ ಆಗಲಿ, ಮುಖದ ನಗು ಇಳಿಯಬಾರದು. ಆ ನಗುವಿಗೆ ವ್ಯಾಪಾರದ ನಗು ಎಂಬ ಮಾತೇ ಅಲ್ಲಿ ಬಳಕೆಯಲ್ಲಿದೆ. ಹೋಂಡಾ ಅವರ ಹಲ್ಲು ನಗುತ್ತಿರುತ್ತದೆ, ಮೂಳೆಯ ಮೇಲೆ ಮಾತ್ರ ಬೆವರಿನ ಹನಿಗಳು ಮೂಡುತ್ತವೆ. ಮೂಳೆ ಬೆವರುವುದೆಂದರೇನು! ಗಲ್ಲಾದ ಹಿಂದೆ ನಿಂತು ಹಬ್ಬದ ಹಿಂದಿನ ದಿನದ ಸಾಲನ್ನು ಎದುರಿಸಿದ ಯಾರಿಗಾದರೂ ಆ ಚಿತ್ರ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಇನ್ನೊಂದನ್ನೂ ಗಮನಿಸಿ. ಮುಖವಾಡ ಇರುವುದು ನೌಕರರಿಗೆ. ಗಿರಾಕಿಗಳು ಬರುವುದು ಮನುಷ್ಯರ ಮುಖದಲ್ಲಿ. ಅವರ ಆಸೆ, ಸಂಕೋಚ, ಪುಸ್ತಕ ಸಿಕ್ಕಾಗಿನ ಬೆಳಕು ಎಲ್ಲವನ್ನೂ ಲೇಖಕರು ಶ್ರದ್ಧೆಯಿಂದ ಬಿಡಿಸುತ್ತಾರೆ. ಗೇಲಿ ಮಾಡಲು ಹೊರಟವರು ಇದನ್ನು ತಿರುವುಮುರುವು ಮಾಡುತ್ತಿದ್ದರು.

ನೀವು ಕೇಳಿದ ಮುಖ್ಯ ಪ್ರಶ್ನೆ, ಪ್ರತಿಗಳು ಏಕೆ ಬರುವುದಿಲ್ಲ ಎಂಬುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಹಾಸ್ಯದ ಬೇರು ಇಲ್ಲಿದೆ.

ನಮ್ಮಲ್ಲಿ ಅಂಗಡಿಯವರು ಪ್ರಕಾಶಕರಿಗೆ ಫೋನು ಮಾಡುತ್ತಾರೆ, ಕಮಿಷನ್ನಿನ ಮಾತುಕತೆ ಆಗುತ್ತದೆ, ಕಟ್ಟು ಬಸ್ಸಿನಲ್ಲೋ ಪಾರ್ಸೆಲ್ಲಿನಲ್ಲೋ ಬರುತ್ತದೆ. ಜಪಾನಿನಲ್ಲಿ ಪ್ರಕಾಶಕರಿಗೂ ಅಂಗಡಿಗೂ ನಡುವೆ ದೊಡ್ಡ ಸಗಟು ವಿತರಕರು ಇದ್ದಾರೆ. ಇವರನ್ನು ತೊರಿತ್ಸುಗಿ ಎನ್ನುತ್ತಾರೆ. ನಿಪ್ಪಾನ್ ಮತ್ತು ತೋಹಾನ್ ಎಂಬ ಎರಡು ಕಂಪನಿಗಳು ಇವರಲ್ಲಿ ದೈತ್ಯರು, ಎರಡೂ 1949ರಲ್ಲಿ ಹುಟ್ಟಿದವು. ಅಲ್ಲಿ ವರ್ಷಕ್ಕೆ 60 ಸಾವಿರಕ್ಕೂ ಹೆಚ್ಚು ಹೊಸ ಪುಸ್ತಕಗಳು ಬರುತ್ತವೆ. ಒಬ್ಬ ಅಂಗಡಿಯವನು ಅಷ್ಟನ್ನೂ ನೋಡಿ ಆರಿಸುವುದು ಆಗದ ಮಾತು. ಆದ್ದರಿಂದ ಅಂಗಡಿಯ ಗಾತ್ರ, ಹಿಂದಿನ ಮಾರಾಟ, ಸುತ್ತಲಿನ ಜನ ಇವನ್ನೆಲ್ಲ ನೋಡಿ, ಯಾವ ಅಂಗಡಿಗೆ ಯಾವ ಪುಸ್ತಕದ ಎಷ್ಟು ಪ್ರತಿ ಹೋಗಬೇಕೆಂದು ಬಹುಪಾಲು ವಿತರಕರೇ ನಿರ್ಧರಿಸುತ್ತಾರೆ. ಬೆಳಗ್ಗೆ ಪೆಟ್ಟಿಗೆ ಬಂದು ಬೀಳುತ್ತದೆ. ಕೇಳದ ಪುಸ್ತಕ ಅದರಲ್ಲಿ ಇರುತ್ತದೆ. ಕೇಳಿದ ಪುಸ್ತಕ ಮೂವತ್ತರ ಬದಲು ಮೂರು ಪ್ರತಿ ಇರಬಹುದು.

ಕೇಳದೆ ಬಂದದ್ದನ್ನು ಅಂಗಡಿಯವರು ಏಕೆ ಒಪ್ಪುತ್ತಾರೆ? ಉಳಿದರೆ ವಾಪಸು ಕಳಿಸಬಹುದು ಎಂಬ ಕಾರಣಕ್ಕೆ. ಹೊಸ ಪುಸ್ತಕಗಳಿಗೆ ಸಾಮಾನ್ಯವಾಗಿ 105 ದಿನಗಳ ಗಡುವು. ಅಷ್ಟರೊಳಗೆ ಮಾರಾಟವಾಗದಿದ್ದರೆ ಮರಳಿಸಿ ಹಣ ಹೊಂದಿಸಿಕೊಳ್ಳಬಹುದು. ಹಾಗೆ ಮರಳುವ ಪುಸ್ತಕಗಳ ಪ್ರಮಾಣ ಮೂರರಲ್ಲಿ ಒಂದರಷ್ಟು. ದಿನವೂ ಬರುವ ಪೆಟ್ಟಿಗೆ, ದಿನವೂ ಹೋಗುವ ಪೆಟ್ಟಿಗೆ. ಹೋಂಡಾ ಮತ್ತು ಅವರ ಜೊತೆಯವರು ಸದಾ ಪೆಟ್ಟಿಗೆ ಎತ್ತುತ್ತ ಓಡುತ್ತಿರುವುದು ನಿಮಗೆ ನೆನಪಿರಬೇಕು. ಅದು ಉತ್ಪ್ರೇಕ್ಷೆಯಲ್ಲ. ರ‍್ಯಾಕಿನಲ್ಲಿ ಜಾಗ ಅಷ್ಟೇ ಇದೆ. ಹೊಸದು ಒಳಗೆ ಬರಬೇಕಾದರೆ ಹಳೆಯದು ಹೊರಗೆ ಹೋಗಲೇಬೇಕು. ಯಾವುದು ಹೋಗಬೇಕು ಎಂದು ಆರಿಸುವವರು ವಿಭಾಗದ ನೌಕರರು. ತಾವು ಮೆಚ್ಚಿದ ಪುಸ್ತಕವನ್ನು ತಮ್ಮ ಕೈಯಾರೆ ವಾಪಸು ಪೆಟ್ಟಿಗೆಗೆ ಇಳಿಸುವ ಸಂಕಟ ಪುಸ್ತಕದಂಗಡಿಯ ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ನಿಮಗೆ ಗೊತ್ತು.

ಇನ್ನು ಬೆಲೆ. 1953ರಲ್ಲಿ ಜಪಾನಿನ ಏಕಸ್ವಾಮ್ಯ ವಿರೋಧಿ ಕಾನೂನಿಗೆ ತಿದ್ದುಪಡಿ ಆದಾಗಿನಿಂದ ಪುಸ್ತಕಕ್ಕೆ ಪ್ರಕಾಶಕರು ನಿಗದಿ ಮಾಡಿದ ಬೆಲೆಗೇ ಮಾರುವ ಪದ್ಧತಿ ಅಲ್ಲಿ ಊರ್ಜಿತವಾಗಿದೆ. ಟೋಕಿಯೋದ ಏಳು ಮಹಡಿಯ ಮಳಿಗೆಯಲ್ಲೂ ಹಳ್ಳಿಯ ರೈಲು ನಿಲ್ದಾಣದ ಪಕ್ಕದ ಪುಟ್ಟ ಅಂಗಡಿಯಲ್ಲೂ ಒಂದೇ ಬೆಲೆ. ನಮ್ಮ ನವೆಂಬರಿನ ರಿಯಾಯಿತಿ ಮಾರಾಟದಂಥದ್ದನ್ನು ಅಲ್ಲಿನ ಹೊಸ ಪುಸ್ತಕಗಳ ಲೋಕದಲ್ಲಿ ಊಹಿಸುವುದೇ ಕಷ್ಟ. ಜಪಾನಿ ಪುಸ್ತಕವೊಂದು ಕೈಗೆ ಸಿಕ್ಕರೆ ಹಿಂಬದಿ ನೋಡಿ. ಬಾರ್‌ಕೋಡುಗಳು ಎರಡಿರುತ್ತವೆ. ಮೇಲಿನದು 978ರಿಂದ ಆರಂಭವಾಗುವ, ನಮಗೂ ಪರಿಚಿತವಾದ ಪುಸ್ತಕದ ಸಂಖ್ಯೆ. ಕೆಳಗಿನದು 192ರಿಂದ ಆರಂಭವಾಗುತ್ತದೆ; ಅದರಲ್ಲಿ ಪುಸ್ತಕದ ವರ್ಗವೂ ಬೆಲೆಯೂ ಅಡಗಿವೆ. ಬೆಲೆಯನ್ನು ಬಾರ್‌ಕೋಡಿನ ಒಳಗೇ ಅಚ್ಚು ಹಾಕಬಹುದಾದಷ್ಟು ಅದು ಅಚಲ.

ಇದರ ಫಲ ಏನೆಂದರೆ, ಅಂಗಡಿಯವರ ಕೈಯಲ್ಲಿ ಗಿರಾಕಿಯನ್ನು ಸೆಳೆಯಲು ಬೆಲೆ ಎಂಬ ಅಸ್ತ್ರವೇ ಇಲ್ಲ. ಉಳಿದದ್ದು ಜೋಡಣೆ, ತಿಳಿವಳಿಕೆ, ನಡವಳಿಕೆ. ಅದಕ್ಕೇ ಜಪಾನಿನ ಅಂಗಡಿಗಳಲ್ಲಿ ಪುಸ್ತಕ ಜೋಡಿಸುವುದು ಒಂದು ವಿದ್ಯೆಯಾಗಿ ಬೆಳೆದಿದೆ. ಬೆನ್ನು ಕಾಣುವಂತೆ ನಿಲ್ಲಿಸುವುದಕ್ಕೆ ಒಂದು ಹೆಸರು, ಮುಖಪುಟ ಕಾಣುವಂತೆ ನಿಲ್ಲಿಸುವುದಕ್ಕೆ ಇನ್ನೊಂದು, ಮೇಜಿನ ಮೇಲೆ ಮಲಗಿಸಿ ಪೇರಿಸುವುದಕ್ಕೆ ಮತ್ತೊಂದು. ನೌಕರರು ತಮ್ಮ ಕೈಬರಹದಲ್ಲಿ ಪುಟ್ಟ ರಟ್ಟಿನ ಚೀಟಿಗಳಲ್ಲಿ ಪುಸ್ತಕವನ್ನು ಹೊಗಳಿ ಬರೆದು ರಾಶಿಯ ಮೇಲೆ ನಿಲ್ಲಿಸುತ್ತಾರೆ. 2004ರಿಂದ ಪುಸ್ತಕದಂಗಡಿಗಳ ನೌಕರರೇ ಮತ ಹಾಕಿ ಆರಿಸುವ ‘ಹೋನ್ಯಾ ತೈಶೋ’ ಎಂಬ ಸಾಹಿತ್ಯ ಪ್ರಶಸ್ತಿ ಇದೆ. ವಿಮರ್ಶಕರಿಲ್ಲ, ಸಾಹಿತಿಗಳಿಲ್ಲ. ತಾವು ಮಾರಲು ಅತ್ಯಂತ ಆಸೆಪಡುವ ಪುಸ್ತಕಕ್ಕೆ ನೌಕರರು ಮತ ಕೊಡುತ್ತಾರೆ. ಗಲ್ಲಾದ ಹಿಂದೆ ನಿಂತವರ ಓದಿಗೆ ಒಂದು ಸಮಾಜ ಹೀಗೆ ಬೆಲೆ ಕೊಡುವುದನ್ನು ಕಂಡಾಗ ನನಗೆ ಹೊಟ್ಟೆ ತುಂಬಿದಂತಾಗುತ್ತದೆ.

ಲಾಭದ ಲೆಕ್ಕ ಮಾತ್ರ ಬಿಗಿ. ಮಾರಿದ ಬೆಲೆಯಲ್ಲಿ ಅಂಗಡಿಗೆ ಉಳಿಯುವುದು ಶೇ. 20ರಿಂದ 22ರಷ್ಟು. ಮಾಂಗಾ ಸಂಪುಟದ ಬೆಲೆ 500 ಯೆನ್ ಎಂದಿಟ್ಟುಕೊಳ್ಳಿ. ಅಂಗಡಿಗೆ 110 ಯೆನ್ ಬಂದೀತು. ಒಂದು ಪ್ರತಿ ಕಳುವಾದರೆ ಅಸಲು 390 ಯೆನ್ ಹೋಯಿತು. ಅದನ್ನು ತುಂಬಿಸಿಕೊಳ್ಳಲು ಅದೇ ಸಂಪುಟದ ನಾಲ್ಕು ಪ್ರತಿ ಮಾರಬೇಕು. ಮಾಂಗಾ ಪುಸ್ತಕಗಳು ಅಂಗೈಯಗಲದವು, ಜೇಬಿಗಿಳಿಯುತ್ತವೆ, ಅರ್ಧ ಗಂಟೆಯಲ್ಲಿ ನಿಂತಲ್ಲೇ ಓದಿ ಮುಗಿಸಬಹುದು. ಹಾಗೆ ನಿಂತು ಓದುವುದಕ್ಕೆ ತಾಚಿಯೋಮಿ ಎಂದು ಹೆಸರು. ಪ್ಲಾಸ್ಟಿಕ್ಕಿನ ಹೊದಿಕೆಗೆ ಇದು ಮೊದಲ ಕಾರಣ. ಓದಿ ಓದಿ ಅಂಚು ಮಾಸಿದ ಪ್ರತಿಯನ್ನು ಯಾರೂ ಕೊಳ್ಳುವುದಿಲ್ಲ. ಜಪಾನಿನ ಗಿರಾಕಿ ಮೂಲೆ ಮಡಿದ ಪ್ರತಿಯನ್ನು ಬದಿಗಿಟ್ಟು ರಾಶಿಯ ಮೂರನೆಯದನ್ನು ಎಳೆಯುತ್ತಾನೆ. ತೆಳು ಹಾಳೆಯ ಚೀಲಕ್ಕೆ ಪುಸ್ತಕ ಇಳಿಸಿ, ಬಿಸಿಗಾಳಿಯ ಯಂತ್ರದೊಳಗೆ ಕಳಿಸಿದರೆ ಹಾಳೆ ಕುಗ್ಗಿ ಮೈಗೆ ಅಂಟಿಕೊಳ್ಳುತ್ತದೆ. ಹೊಸ ಸಂಪುಟ ಬಿಡುಗಡೆಯಾಗುವ ದಿನ ಅಂಗಡಿ ತೆರೆಯುವ ಮೊದಲೇ ಇಂಥ ನೂರಾರು ಪ್ರತಿಗಳನ್ನು ಸುತ್ತಿ ಮುಗಿಸಬೇಕು. ಕೆಲವು ಸಂಪುಟಗಳ ಜೊತೆ ಆಯಾ ಅಂಗಡಿಗೆಂದೇ ಅಚ್ಚಾದ ಚಿತ್ರದ ಚೀಟಿ ಉಚಿತವಾಗಿ ಇರುತ್ತದೆ. ಆ ಒಂದು ಚೀಟಿಗಾಗಿ ಊರಾಚೆಯಿಂದ ರೈಲು ಹಿಡಿದು ಬರುವ ಅಭಿಮಾನಿ ಇದ್ದಾನೆ. ಅವನ ಪ್ರತಿಗೆ ಚೀಟಿ ಹಾಕಲು ಮರೆತರೆ? ಬುರುಡೆ ಬೆವರುವುದು ಇಂಥ ಕಡೆ.

ಇದೆಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಈಗ ಹೋಂಡಾ ಅವರ ಮುಂದೆ ಒಬ್ಬ ಗಿರಾಕಿಯನ್ನು ನಿಲ್ಲಿಸಿ. ಗಿರಾಕಿಗೆ ಒಂದು ಪುಸ್ತಕ ಬೇಕು, ಈಗಲೇ ಬೇಕು, ಬಹಳ ಆಸೆಯಿಂದ ಬಂದಿದ್ದಾರೆ. ಅಂಗಡಿಗೆ ಮೂರು ಪ್ರತಿ ಬಂದಿತ್ತು, ಮೂರೂ ಹೋಗಿವೆ. ವಿತರಕರಲ್ಲಿ ಇಲ್ಲ. ಪ್ರಕಾಶಕರನ್ನು ಕೇಳಿದರೆ ‘ಮರುಮುದ್ರಣ ನಿಶ್ಚಯವಾಗಿಲ್ಲ’ ಎನ್ನುತ್ತಾರೆ. ಜಪಾನಿನ ಪುಸ್ತಕ ವ್ಯಾಪಾರದಲ್ಲಿ ಇದಕ್ಕಿಂತ ಎದೆಗುಂದಿಸುವ ಮಾತಿಲ್ಲ. ಸದ್ಯಕ್ಕೆ ಆ ಪುಸ್ತಕ ಸಿಗುವುದಿಲ್ಲ ಎಂದೇ ಅದರ ಅರ್ಥ. ಹೋಂಡಾ ಅವರ ಮುಂದೆ ಆಸೆಯ ಕಣ್ಣುಗಳು, ಬೆನ್ನ ಹಿಂದೆ ಯಾರ ಮಾತನ್ನೂ ಕೇಳದ ಒಂದು ಬೃಹತ್ ವ್ಯವಸ್ಥೆ. ನಡುವೆ ಏಪ್ರನ್ ತೊಟ್ಟು ನಿಂತವರ ಕೈಯಲ್ಲಿ ಯಾವ ಅಧಿಕಾರವೂ ಇಲ್ಲ, ಆದರೂ ಆ ಕಣ್ಣುಗಳನ್ನು ನಿರಾಸೆಗೊಳಿಸಲು ಅವರಿಗೆ ಮನಸ್ಸು ಬರುವುದಿಲ್ಲ. ನಗು ಹುಟ್ಟುವುದು ಈ ಇಕ್ಕಟ್ಟಿನಿಂದ. ಪುಸ್ತಕ ಸಿಗದಿದ್ದರೆ ಸಿಗಲಿಲ್ಲ ಎಂದು ಭುಜ ಹಾರಿಸುವ ನೌಕರನ ಕತೆಯಲ್ಲಿ ನಗೆಯೇ ಇರುವುದಿಲ್ಲ. ಹೋಂಡಾ ಅವರಿಗೆ ಆ ಗಿರಾಕಿ ಮುಖ್ಯ, ಆದ್ದರಿಂದಲೇ ಮೂಳೆಗಳು ಗಡಗಡ ನಡುಗುತ್ತವೆ.

ವಿದೇಶಿ ಗಿರಾಕಿಗಳ ಪ್ರಸಂಗಗಳೇ ನಿಮ್ಮ ಹಿರಿಯರಿಗೆ ಕಸಿವಿಸಿ ಮಾಡಿದ್ದವೆಂದು ನನ್ನ ಊಹೆ, ಏಕೆಂದರೆ ಅವು ಮೊದಲ ಕಂತಿನಲ್ಲೇ ಬರುತ್ತವೆ. ಗಂಡಸರಿಬ್ಬರ ಪ್ರೇಮಕಥೆಗಳ ಮಾಂಗಾ ಪ್ರಕಾರಕ್ಕೆ ಲೋಕದ ಎಲ್ಲ ಕಡೆಯೂ ಓದುಗರಿದ್ದಾರೆ, ಅವರಲ್ಲಿ ಹೆಂಗಸರೇ ಹೆಚ್ಚು. ಪ್ರವಾಸಕ್ಕೆ ಬಂದವರು ಅದನ್ನು ಕೇಳಿಕೊಂಡು ಹೋಂಡಾ ಅವರ ಬಳಿ ಬರುತ್ತಾರೆ. ಇವರ ಇಂಗ್ಲಿಷ್ ಅಷ್ಟಕ್ಕಷ್ಟೆ. ಕೇಳುವವರಿಗೆ ನಾಚಿಕೆಯಿಲ್ಲ, ಉತ್ತರ ಕೊಡುವವರಿಗೆ ಪದಗಳಿಲ್ಲ. ಇಲ್ಲಿ ಬಂದವರ ಅಭಿರುಚಿಯನ್ನು ಹಂಗಿಸುವ ಒಂದು ಮಾತೂ ಇಲ್ಲ. ಅವರ ಉತ್ಸಾಹದ ಎದುರು ತಾವು ಸಾಲದೆ ಹೋದೆವಲ್ಲ ಎಂಬ ಅಳುಕು ಹೋಂಡಾ ಅವರದು. ಭಾಷೆ ಬಾರದಿದ್ದರೂ ಸರಿಯಾದ ಪುಸ್ತಕ ಸರಿಯಾದ ಕೈಗೆ ಹೋದಾಗ ಗಲ್ಲಾದ ಎರಡೂ ಕಡೆ ಹಬ್ಬ.

ನಾನು ಈ ಪ್ರಸಂಗ ಓದಿದಾಗ ಒಂದು ಮಧ್ಯಾಹ್ನ ನೆನಪಾಯಿತು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಮ್ಮ ಮಳಿಗೆಗೆ ಬಂದು, ತಮ್ಮ ತಂದೆ ಓದುತ್ತಿದ್ದ ಕಾದಂಬರಿಯೊಂದು ಬೇಕು ಎಂದರು. ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ. ಮುಖಪುಟ ಇಟ್ಟಿಗೆಯ ಬಣ್ಣ, ಕತೆಯಲ್ಲಿ ಒಂದು ಬಾವಿ ತೋಡುತ್ತಾರೆ. ಇಷ್ಟೇ. ತಂದೆ ಹೋಗಿ ಹದಿನೈದು ದಿನವಾಗಿತ್ತು. ನಾನು, ಗೋದಾಮು ನೋಡಿಕೊಳ್ಳುತ್ತಿದ್ದ ಹಿರಿಯರು, ಬಿಲ್ ಹಾಕುತ್ತಿದ್ದ ಹುಡುಗಿ ಮೂವರೂ ಮೂರು ದಿನ ಅದೇ ಧ್ಯಾನದಲ್ಲಿದ್ದೆವು. ಬಾವಿ ಇರುವ ಕಾದಂಬರಿ ಕನ್ನಡದಲ್ಲಿ ಒಂದೇ ಎರಡೇ! ಕೊನೆಗೆ ಹಳೆಯ ಸ್ಟಾಕಿನ ಕೆಳಗಿನ ಸಾಲಿನಲ್ಲಿ, ಬೆನ್ನಿನ ಬಣ್ಣ ಹೋದ ಒಂದು ಪ್ರತಿಯನ್ನು ಗೋದಾಮಿನ ಹಿರಿಯರೇ ಎತ್ತಿದರು. ಬೆನ್ನು ಬಿಳಿಚಿಕೊಂಡಿತ್ತು, ಮುಖಪುಟ ಮಾತ್ರ ಹಾಗೇ ಇಟ್ಟಿಗೆಯ ಕೆಂಪು. ಆ ಹೆಂಗಸು ಅದನ್ನು ತೆರೆಯಲಿಲ್ಲ. ಮುಖಪುಟದ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದರು. ಹೋಂಡಾ ಅವರು ಯಾವುದಕ್ಕೆ ಬೆವರುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಆ ಅಂಗೈ ಕಣ್ಣಿಗೆ ಬರುತ್ತದೆ.

ಜಪಾನಿನಲ್ಲಿ ಹೀಗೆ ಗಿರಾಕಿಗಾಗಿಯೇ ತರಿಸುವ ಪುಸ್ತಕಕ್ಕೆ ಕ್ಯಾಕುಚು ಎಂಬ ಬೇರೆಯೇ ಹೆಸರಿದೆ. ಅಂಗಡಿಯಲ್ಲಿ ಅದರ ಮರ್ಯಾದೆಯೇ ಬೇರೆ: ಬಂದೊಡನೆ ಹೆಸರಿನ ಚೀಟಿ ಸೇರಿಸಿ ಗಲ್ಲಾದ ಹಿಂದಿನ ಸಾಲಿಗೆ ಹೋಗುತ್ತದೆ, ಮಾರಾಟದ ರ‍್ಯಾಕಿಗೆ ತಪ್ಪಿಯೂ ಹೋಗಬಾರದು.

ಸಣ್ಣ ವಸ್ತುಗಳ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಗೊತ್ತಿದ್ದರೆ ಚೌಕಟ್ಟುಗಳ ಹಿನ್ನೆಲೆಯೂ ಮಾತನಾಡುತ್ತದೆ. ಜಪಾನಿ ಪುಸ್ತಕಗಳ ನಡುವೆ ಉದ್ದನೆಯ ಚೀಟಿಯೊಂದನ್ನು ಎರಡಾಗಿ ಮಡಿಚಿ ಸಿಕ್ಕಿಸುವ ರೂಢಿ ಬಹುಕಾಲ ಇತ್ತು. ಅರ್ಧ ಭಾಗ ಮಾರಾಟದ ಲೆಕ್ಕಕ್ಕೆ, ಅರ್ಧ ಮತ್ತೆ ತರಿಸುವ ಬೇಡಿಕೆಗೆ. ಮಡಿಕೆಯ ಜಾಗದಲ್ಲಿ ಅರ್ಧಚಂದ್ರದಂಥ ಗುಂಡನೆಯ ತುದಿಯೊಂದು ಪುಟಗಳ ಮೇಲೆ ಇಣುಕುತ್ತದೆ. ನೌಕರರು ಅದನ್ನು ಬೋಜು ಎನ್ನುತ್ತಾರೆ, ಎಂದರೆ ಬೋಳುತಲೆಯ ಬೌದ್ಧ ಸನ್ಯಾಸಿ. ಗಲ್ಲಾದಲ್ಲಿ ಬಿಲ್ ಮಾಡುವಾಗ ಸನ್ಯಾಸಿಯ ತಲೆ ಹಿಡಿದು ಚೀಟಿ ಎಳೆದಿಟ್ಟುಕೊಂಡು, ಸಂಜೆ ಅವನ್ನೆಲ್ಲ ಎಣಿಸಿದರೆ ಆ ದಿನ ಯಾವ ಪುಸ್ತಕ ಹೇಗೆ ನಡೆಯಿತು ಎಂಬುದು ಬೆರಳಿಗೇ ಗೊತ್ತಾಗುತ್ತಿತ್ತು. ಗಣಕದ ಲೆಕ್ಕ ಬಂದ ಮೇಲೆ ಹಲವು ಪ್ರಕಾಶಕರು ಚೀಟಿ ಸೇರಿಸುವುದನ್ನು ನಿಲ್ಲಿಸಿದ್ದಾರೆ. ಇನ್ನೊಂದು ಪದ ನನಗೆ ಬಹಳ ಇಷ್ಟ. ಐವತ್ತು ಅರವತ್ತು ಸಂಪುಟಗಳ ಮಾಂಗಾ ಸರಣಿಯಲ್ಲಿ ನಡುವಿನ ಒಂದು ಸಂಪುಟ ಖಾಲಿಯಾದರೆ ಅದಕ್ಕೆ ‘ಹಲ್ಲುದುರಿದ್ದು’ ಎನ್ನುತ್ತಾರೆ. ಮೊದಲ ಸಂಪುಟ ಇಲ್ಲದಿದ್ದರೆ ಹೊಸ ಓದುಗ ಆ ಸರಣಿಗೆ ಕಾಲಿಡುವುದೇ ಇಲ್ಲ. ಏಳನೆಯದು ಇಲ್ಲದಿದ್ದರೆ ಆರನೆಯದನ್ನು ಓದಿದವನು ಬೇರೆ ಅಂಗಡಿಗೆ ಹೋಗುತ್ತಾನೆ. ಮಾಂಗಾ ವಿಭಾಗದವರು ದಿನವಿಡೀ ಮಾಡುವುದು ಉದುರಿದ ಹಲ್ಲು ಕೂರಿಸುವ ಕೆಲಸ. ಇನ್ನು ಬಿಲ್ ಆದ ಮೇಲೆ ಪುಸ್ತಕಕ್ಕೆ ಕಾಗದದ ಹೊದಿಕೆ ಬೇಕೇ ಎಂದು ಕೇಳಿ, ಬೇಕೆಂದರೆ ಕಣ್ಣೆದುರಿಗೇ ಹಾಕಿಕೊಡುತ್ತಾರೆ. ಮೇಲೂ ಕೆಳಗೂ ಪುಸ್ತಕದ ಎತ್ತರಕ್ಕೆ ಸರಿಯಾಗಿ ಮಡಿಚಿದ ಕಾಗದ ಮೊದಲೇ ಸಿದ್ಧವಿರುತ್ತದೆ. ರಟ್ಟನ್ನು ಅದರ ಕಿಸೆಯೊಳಗೆ ತೂರಿಸಿ, ಬೆನ್ನಿನ ಬಳಿ ಉಗುರಿನಿಂದ ಒಮ್ಮೆ ಎಳೆದರೆ ಮುಗಿಯಿತು. ಶಾಲೆ ತೆರೆಯುವ ವಾರ ನಮ್ಮ ಮನೆಗಳಲ್ಲಿ ಕಂದು ಕಾಗದದ ಬೈಂಡ್ ಹಾಕಿದವರಿಗೆ ಆ ಕೈಚಳಕದ ಬೆಲೆ ಗೊತ್ತು.

ಸೇವಾ ತರಬೇತಿಯ ಪ್ರಸಂಗವನ್ನು ನಿಮ್ಮ ಹಿರಿಯರಿಗೆ ಖಂಡಿತ ತೋರಿಸಿ. ಜಪಾನಿನಲ್ಲಿ ತಲೆಬಾಗುವುದಕ್ಕೂ ಅಳತೆಯಿದೆ: ಎದುರಾದಾಗ 15 ಡಿಗ್ರಿ, ಸ್ವಾಗತಕ್ಕೆ 30, ಕ್ಷಮೆ ಕೇಳುವಾಗ ಅಥವಾ ಆಳವಾದ ಕೃತಜ್ಞತೆಗೆ 45. ‘ಇರಾಶ್ಶಾಯಿಮಾಸೆ’ ಎಂಬ ಸ್ವಾಗತದಿಂದ ಹಿಡಿದು ‘ಸ್ವಲ್ಪ ಕಾಯುವಿರಾ’ ಎಂಬುದರವರೆಗೆ ಅಂಗಡಿಯ ಮಾತುಗಳನ್ನು ಒಟ್ಟಾಗಿ ನಿಂತು ಜೋರಾಗಿ ಹೇಳಿ ಅಭ್ಯಾಸ ಮಾಡಿಸುತ್ತಾರೆ. ಹೋಂಡಾ ಅವರು ಅಲ್ಲಿ ತರಬೇತುದಾರರ ಮುಂದೆ ನಡುಗುವುದು ನಗೆ ಬರಿಸುತ್ತದೆ. ಆದರೆ ಆ ತರಬೇತಿಯ ಹಿಂದಿನ ಕಾಳಜಿಯನ್ನು ಅವರು ಎಲ್ಲೂ ತಳ್ಳಿಹಾಕುವುದಿಲ್ಲ. ತಮಗೆ ಸಾಲದು, ಕಲಿಯಬೇಕು ಎಂದೇ ಅವರ ನಿಲುವು. ಗಿರಾಕಿಯನ್ನು ಹಗುರವಾಗಿ ಕಾಣುವವರು ಈ ಪ್ರಸಂಗವನ್ನು ಹೀಗೆ ಬರೆಯಲಾರರು.

ಈ ಅಂಗಡಿಗಳ ಸಂಖ್ಯೆ ಇಳಿಯುತ್ತಿದೆ ಎಂಬುದನ್ನೂ ಹೇಳಬೇಕು. 2003ರ ಸುಮಾರಿಗೆ ಜಪಾನಿನಲ್ಲಿ 20 ಸಾವಿರಕ್ಕೂ ಹೆಚ್ಚು ಪುಸ್ತಕದಂಗಡಿಗಳಿದ್ದವು. ಇಪ್ಪತ್ತು ವರ್ಷಗಳಲ್ಲಿ ಸುಮಾರು 11 ಸಾವಿರಕ್ಕೆ ಇಳಿದವು. 2024ರ ಮಾರ್ಚ್‌ನಲ್ಲಿ ಅಲ್ಲಿನ ಆರ್ಥಿಕ ಮತ್ತು ಕೈಗಾರಿಕಾ ಸಚಿವಾಲಯವೇ ಪುಸ್ತಕದಂಗಡಿಗಳನ್ನು ಉಳಿಸಲು ಒಂದು ತಂಡ ರಚಿಸಿತು. ಹೋಂಡಾ ಅವರ ಸಂಪುಟಗಳಲ್ಲಿ ಈ ದುಃಖದ ಪ್ರಸ್ತಾಪವಿಲ್ಲದ ಪುಟದಲ್ಲೂ ನನಗೆ ಅದು ಕೇಳಿಸುತ್ತದೆ. ಹತ್ತು ಜನ ನೌಕರರು ಹತ್ತು ವಿಷಯಗಳಲ್ಲಿ ನುರಿತು, ಒಬ್ಬರನ್ನೊಬ್ಬರು ಕೂಗಿ ಕೇಳುತ್ತ ಓಡಾಡುವ ಮಹಡಿಯೊಂದು ಮುಂದೆಯೂ ಇರಲಿ ಎಂದು ಆಸೆಯಾಗುತ್ತದೆ.

ತಮ್ಮನ ವಿಷಯ. ಹಿಂಸೆಯಿಲ್ಲ, ಕೆಟ್ಟ ಚಿತ್ರಗಳಿಲ್ಲ. ಆದರೆ ಪುಸ್ತಕದಂಗಡಿಯಲ್ಲಿ ವಯಸ್ಕರ ಮಾಂಗಾ ಕೂಡ ಮಾರಾಟಕ್ಕಿರುತ್ತದೆ, ಅದರ ಬಗ್ಗೆ ನೌಕರರು ಮಾತನಾಡಿಕೊಳ್ಳುವ ಪ್ರಸಂಗಗಳಿವೆ. ಟೋಕಿಯೋದಲ್ಲಿ ಹದಿನೆಂಟು ತುಂಬದವರಿಗೆ ಮಾರಬಾರದೆಂದು ಆಡಳಿತ ಗುರುತಿಸಿದ ಪುಸ್ತಕಗಳನ್ನು ತೆರೆದು ನೋಡಲಾಗದಂತೆ ಸುತ್ತಿ ಬೇರೆ ಜಾಗದಲ್ಲಿ ಇಡಬೇಕೆಂಬ ಕಟ್ಟಳೆಯಿದೆ, ಆದ್ದರಿಂದ ಇದು ಅವರ ದಿನದ ಕೆಲಸದ ಭಾಗ. ಹತ್ತನೆಯ ತರಗತಿಯ ಹುಡುಗನಿಗೆ ನಾನು ಕೊಡುತ್ತೇನೆ. ಅವನು ಕೇಳುವ ಪ್ರಶ್ನೆಗೆ ನೀವು ಪಕ್ಕದಲ್ಲಿದ್ದು ಸಹಜವಾಗಿ ಉತ್ತರ ಹೇಳಿದರೆ ಸಾಕು. ಅದಕ್ಕಿಂತ ಚಿಕ್ಕವರಿಗೆ ಬೇಡ. ಕೆಡುಕಿನ ಭಯದಿಂದ ಈ ಮಾತು ಹೇಳುತ್ತಿಲ್ಲ. ದುಡಿದು ದಣಿಯುವುದೆಂದರೇನು ಎಂದು ಒಂದಿಷ್ಟಾದರೂ ಕಾಣದವರಿಗೆ ಇದರ ನಗೆ ದಕ್ಕುವುದಿಲ್ಲ.

ಅನಿಮೆ ನೋಡಿಯಾಗಿದೆ, ಈಗ ಮಾಂಗಾ ಓದಿ. ನಾಲ್ಕೂ ಸಂಪುಟಗಳು ಇಂಗ್ಲಿಷಿನಲ್ಲಿ ಬಂದಿವೆ. ಬಲಗಡೆಯಿಂದ ತೆರೆಯಬೇಕು, ಚೌಕಟ್ಟುಗಳನ್ನೂ ಬಲದಿಂದ ಎಡಕ್ಕೆ ಓದಬೇಕು. ಹತ್ತು ಪುಟದಲ್ಲಿ ರೂಢಿಯಾಗುತ್ತದೆ. ಅನಿಮೆಯಲ್ಲಿ ಮಾತು ಬಿರುಸಾಗಿ ಓಡುವುದರಿಂದ ಹಿನ್ನೆಲೆಯ ರ‍್ಯಾಕುಗಳು ಕಣ್ಣು ತಪ್ಪಿ ಹೋಗುತ್ತವೆ. ಪುಸ್ತಕದಲ್ಲಿ ನಿಮ್ಮ ವೇಗಕ್ಕೆ ನಿಂತು, ಪೆಟ್ಟಿಗೆ ಯಾರು ಎತ್ತಿದರು, ರಾಶಿ ಎಷ್ಟು ಇಳಿದಿದೆ ಎಂದೆಲ್ಲ ನೋಡಬಹುದು. ಮೊದಲ ಸಂಪುಟ ಮುಗಿದ ಮೇಲೆ ಅದನ್ನು ಅಂಗಡಿಯ ಗಲ್ಲಾದ ಬಳಿ ಎರಡು ದಿನ ಇಡಿ. ನಿಮ್ಮ ಹಿರಿಯರು ಊಟದ ಬಿಡುವಿನಲ್ಲಿ ಅದನ್ನು ಕೈಗೆತ್ತಿಕೊಳ್ಳುತ್ತಾರೆಂದು ನನಗೆ ನಂಬಿಕೆಯಿದೆ. ಹೊಸ ಪುಸ್ತಕಗಳ ಕಟ್ಟು ಬಿಚ್ಚುವ ಪುಟಕ್ಕೆ ಬಂದಾಗ ಅವರು ಏನೆನ್ನುತ್ತಾರೆ ಎಂದು ನನಗೂ ಬರೆದು ತಿಳಿಸಿ.